ಕುದ್ಮುಲ್ ರಂಗರಾಯರು

ನ್ಯಾಯಾಲಯದಲ್ಲಿ ವಾದಿಸಿ ಗೆದ್ದರೆ ವಕೀಲನ ಕರ್ತವ್ಯ ಮುಗಿಯಿತೆಂದು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ನ್ಯಾಯಾಲಯದ ಮೆಟ್ಟಿಲನ್ನು ಏರುವ ಧೈರ್ಯವೂ ಇಲ್ಲದ ಜನರ ಪಾಡೇನು? ಈ ಪ್ರಶ್ನೆಗೆ ಉತ್ತರವನ್ನು ಅರಸುತ್ತ ತಮ್ಮ ಬಾಳನ್ನೇ ಮುಡಿಪಾಗಿಟ್ಟವರು ಮಂಗಳೂರಿನ ವಕೀಲ ಕುದ್ಮುಲ್ ರಂಗರಾಯರು.

ರಂಗರಾಯರು 1859ರಲ್ಲಿ ಕಾಸರಗೋಡಿನ ಸಾರಸ್ವತ ಬ್ರಾಹ್ಮಣ ಕುಟುಂಬವೊಂದರಲ್ಲಿ ಜನಿಸಿದರು. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡು ಜೀವನೋಪಾಯಕ್ಕಾಗಿ ಮಂಗಳೂರಿಗೆ ಬಂದರು. ಮೊದಲು ಉಪಾಧ್ಯಾಯರಾಗಿದ್ದು, ಮುಂದೆ ವಕೀಲಿ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದರು. ಸತ್ಯನಿಷ್ಠೆಯಿಂದ ನಡೆದುಕೊಂಡು 'ಬಡವರ ವಕೀಲ'ರೆಂದು ಹೆಸರಾದರು. ಬ್ರಹ್ಮಸಮಾಜದ ತತ್ತ್ವಗಳು ಅವರ ಮನಸ್ಸನ್ನು ಸೆಳೆದವು.

ಆ ಕಾಲದಲ್ಲಿ ದಲಿತರು ಸಾರ್ವಜನಿಕ ಬಾವಿಯ ನೀರನ್ನು ಸೇದುವಂತಿರಲಿಲ್ಲ; ಅವರ ಮಕ್ಕಳಿಗೆ ಶಾಲೆಯ ಬಾಗಿಲು ಮುಚ್ಚಿತ್ತು. ಅಲ್ಪಸ್ವಲ್ಪ ಓದು ಕಲಿತಿದ್ದ ದಲಿತನೊಬ್ಬನಿಗೆ ನ್ಯಾಯಾಲಯದಲ್ಲಿ ಜವಾನನ ಕೆಲಸ ದೊರೆತಾಗ, ಮೇಲ್ಜಾತಿಯವರು ಅದನ್ನೂ ಸಹಿಸಲಿಲ್ಲವೆಂದು ಹೇಳುತ್ತಾರೆ. ನ್ಯಾಯ ನೀಡುವ ಸ್ಥಳದಲ್ಲಿಯೇ ನಡೆದ ಈ ಅನ್ಯಾಯ ರಂಗರಾಯರನ್ನು ಕಲಕಿತು. ವಿದ್ಯೆಯಿಲ್ಲದವನಿಗೆ ಹಕ್ಕಿದ್ದರೂ ಅದು ದಕ್ಕದೆಂಬುದನ್ನು ಅವರು ಮನಗಂಡರು.

1892ರಲ್ಲಿ ಅವರು ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಶಾಲೆಯನ್ನು ತೆರೆದರು. ಅಲ್ಲಿ ಕಲಿಸಲು ಮೇಲ್ಜಾತಿಯ ಉಪಾಧ್ಯಾಯರು ಮುಂದೆ ಬರಲಿಲ್ಲ; ಕ್ರೈಸ್ತ ಉಪಾಧ್ಯಾಯರ ನೆರವನ್ನು ಪಡೆಯಬೇಕಾಯಿತು. ತಂದೆತಾಯಿಗಳೂ ಮಕ್ಕಳನ್ನು ಕಳುಹಿಸಲು ಹಿಂಜರಿದರು. ಕೂಲಿಯಿಂದ ಬದುಕುವ ಮನೆಯಲ್ಲಿ ಮಗುವಿನ ದುಡಿಮೆಯೂ ಒಂದು ತುತ್ತಿನ ಆಧಾರ. ಇದನ್ನು ಅರಿತ ರಂಗರಾಯರು ಶಾಲೆಗೆ ಬಂದ ಮಕ್ಕಳಿಗೆ ದಿನಕ್ಕೆ ಎರಡು ಪೈಸೆಯನ್ನೂ ಮಧ್ಯಾಹ್ನದ ಊಟವನ್ನೂ ಕೊಡುವ ಏರ್ಪಾಡು ಮಾಡಿದರು.

ಅಕ್ಷರವೊಂದೇ ಸಾಲದು. ಒಡೆಯನ ನೆಲದಲ್ಲಿ ಗುಡಿಸಲು ಕಟ್ಟಿಕೊಂಡವನು ಒಡೆಯನಿಗೆ ಎದುರಾಡಲಾರ. ಕಸುಬಿಲ್ಲದವನು ಕೂಲಿಯ ಹಂಗನ್ನು ಕಳೆದುಕೊಳ್ಳಲಾರ. ಆದುದರಿಂದ 1897ರಲ್ಲಿ 'ಡಿಪ್ರೆಸ್ಡ್ ಕ್ಲಾಸಸ್ ಮಿಷನ್' ಸಂಸ್ಥೆಯನ್ನು ಸ್ಥಾಪಿಸಿ ಸೇವಾಕಾರ್ಯವನ್ನು ವಿಸ್ತರಿಸಿದರು. ನೇಯ್ಗೆ, ಬಡಗಿ ಕೆಲಸ ಮುಂತಾದವುಗಳಲ್ಲಿ ತರಬೇತಿ ದೊರೆಯಿತು, ವಿದ್ಯಾರ್ಥಿನಿಲಯ ಆರಂಭವಾಯಿತು. ಸರಕಾರದಿಂದ ಭೂಮಿಯನ್ನು ಪಡೆದು ದಲಿತರಿಗೆ ಮನೆಯ ನಿವೇಶನಗಳನ್ನು ಒದಗಿಸಿದರು. ಹೀಗೆ ವಿದ್ಯೆ, ಕಸುಬು, ನೆಲೆ ಮೂರೂ ಒಂದಕ್ಕೊಂದು ಆಸರೆಯಾದವು.

ಈ ಸೇವೆಗೆ ಅವರು ತೆತ್ತ ಬೆಲೆ ಅಲ್ಪವಲ್ಲ. ಸ್ವಜಾತಿಯವರು ಅವರಿಗೆ ಬಹಿಷ್ಕಾರ ಹಾಕಿದರು. ಆದರೂ ಅವರು ನುಡಿದಂತೆ ನಡೆದರು. ಮಗಳು ರಾಧಾಬಾಯಿಯನ್ನು ಬೇರೆ ಜಾತಿಯ ಪಿ. ಸುಬ್ಬರಾಯನ್ ಅವರಿಗೆ ಕೊಟ್ಟು ವಿವಾಹ ಮಾಡಿದರು. ಸುಬ್ಬರಾಯನ್ 1926ರಲ್ಲಿ ಮದರಾಸು ಪ್ರಾಂತದ ಮುಖ್ಯಮಂತ್ರಿಯಾದರು. ರಾಧಾಬಾಯಿ 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಭಾರತೀಯ ಸ್ತ್ರೀಯರ ಪರವಾಗಿ ಮಾತನಾಡಿದರು.

ಬಾಳಿನ ಸಂಜೆಯಲ್ಲಿ ರಂಗರಾಯರು ಸಂನ್ಯಾಸವನ್ನು ಸ್ವೀಕರಿಸಿ ಈಶ್ವರಾನಂದರಾದರು. 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ಶಾಲೆಯಲ್ಲಿ ಕಲಿತ ದಲಿತ ಮಗುವೊಂದು ದೊಡ್ಡ ಹುದ್ದೆಗೇರಿ ಮೋಟಾರು ಬಂಡಿಯಲ್ಲಿ ಓಡಾಡಬೇಕು, ಆ ಬಂಡಿ ಎಬ್ಬಿಸಿದ ಧೂಳು ತಮ್ಮ ತಲೆಗೆ ಸೋಕಬೇಕು ಎಂಬುದು ಅವರ ಹಂಬಲವಾಗಿತ್ತು. 1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿಯವರು ಅವರ ಕಾರ್ಯವನ್ನು ಕೊಂಡಾಡಿದರು.

ಕರುಣೆಯಿಂದ ದಾನ ಮಾಡುವವರು ಅನೇಕರಿದ್ದಾರೆ. ತಾನು ಎತ್ತಿದವನು ತನಗಿಂತಲೂ ಎತ್ತರಕ್ಕೆ ಏರಲೆಂದು ಹಾರೈಸುವವರು ವಿರಳ. ರಂಗರಾಯರ ಹಿರಿಮೆ ಇರುವುದು ಇಲ್ಲಿಯೇ.