ಚನ್ನಪಟ್ಟಣದ ಗೊಂಬೆ: 40 ಲಕ್ಷ, 20 ಲಕ್ಷ, ಸೊನ್ನೆ

ನೂರು ರೂಪಾಯಿ ಮೂಲಬೆಲೆಯ ಚನ್ನಪಟ್ಟಣದ ಗೊಂಬೆಗೆ 2025ರ ಸೆಪ್ಟೆಂಬರ್ 21ರವರೆಗೆ ತೆರಿಗೆ ಸೇರಿ 112 ರೂ. ಆಗುತ್ತಿತ್ತು. ಮರುದಿನದಿಂದ 105 ರೂ. ಸರಕು ಮತ್ತು ಸೇವಾ ತೆರಿಗೆ (ಜಿಎಸ್‌ಟಿ) ಶೇ 12ರಿಂದ ಶೇ 5ಕ್ಕೆ ಇಳಿದದ್ದರಿಂದ ಗ್ರಾಹಕನಿಗೆ ಬೀಳುವ ಬೆಲೆ ಶೇ 6.25ರಷ್ಟು ತಗ್ಗಿತು. ಆದರೆ ಇದು ಜಿಎಸ್‌ಟಿ ನೋಂದಣಿ ಇರುವ ಅಂಗಡಿಯ ಬಿಲ್ಲಿನ ಲೆಕ್ಕ. ಮನೆಯಲ್ಲೇ ಲೇತ್ ಇಟ್ಟುಕೊಂಡು, ಒಣಗಿದ ಆಲೆಮರದ ತುಂಡನ್ನು ಕಡೆದು, ತಿರುಗುವ ಗೊಂಬೆಗೆ ಬಣ್ಣದ ಅರಗಿನ ಕಡ್ಡಿ ಒತ್ತಿ, ತಾಳೆಗರಿಯಿಂದ ಹೊಳಪು ಕೊಡುವ ಸಣ್ಣ ಕುಶಲಕರ್ಮಿಗೆ ನೋಂದಣಿಯೇ ಇರುವುದಿಲ್ಲ. ಎಷ್ಟು ಮೊತ್ತದವರೆಗೆ, ಯಾವ ದಾರಿಯಲ್ಲಿ ಮಾರಬಹುದು ಎಂಬುದೇ ಅವರಿಗೆ ಮುಖ್ಯ.

ಹೊರಗಿನ ಪೈಪೋಟಿ ತಗ್ಗಿದೆ. ಆಟಿಕೆಗಳ ಮೂಲ ಆಮದು ಸುಂಕ 2020ರಲ್ಲಿ ಶೇ 20ರಿಂದ ಶೇ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. 2014-15ರಲ್ಲಿ 33.25 ಕೋಟಿ ಡಾಲರ್ ಇದ್ದ ದೇಶದ ಆಟಿಕೆ ಆಮದು 2022-23ರಲ್ಲಿ 15.87 ಕೋಟಿ ಡಾಲರ್‌ಗೆ ಇಳಿಯಿತು. ಶೇ 52ರ ಇಳಿಕೆ. ಇದೇ ಅವಧಿಯಲ್ಲಿ ರಫ್ತು 9.62 ಕೋಟಿಯಿಂದ 32.57 ಕೋಟಿ ಡಾಲರ್‌ಗೆ, ಅಂದರೆ ಶೇ 239ರಷ್ಟು ಏರಿತು. ಕಾರ್ಖಾನೆಯ ಆಟಿಕೆಗಳೂ ಸೇರಿದ ಮೊತ್ತ ಇದು. ಇದರಲ್ಲಿ ಕೈಕಸುಬಿನ ಪಾಲು ಎಷ್ಟೆಂದು ಈ ಅಂಕಿ ಹೇಳುವುದಿಲ್ಲ.

ಊರಿನ ಮಾರುಕಟ್ಟೆಗೆ ಪೆಟ್ಟು ಬಿದ್ದದ್ದು 2023ರಲ್ಲಿ. ಆ ವರ್ಷ ಮಾರ್ಚ್ 12ರಂದು ಉದ್ಘಾಟನೆಯಾದ 118 ಕಿ.ಮೀ. ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಚನ್ನಪಟ್ಟಣವನ್ನು ಬೈಪಾಸ್‌ನಲ್ಲಿ ದಾಟುತ್ತದೆ. ಸುಮಾರು ಮೂರು ಗಂಟೆಯ ಪ್ರಯಾಣ 75 ನಿಮಿಷಕ್ಕೆ ಇಳಿಯುತ್ತದೆಂದು ಸರ್ಕಾರ ಹೇಳಿತ್ತು. ಪ್ರಯಾಣಿಕರಿಗೆ ಉಳಿದ ಆ ಸಮಯದಲ್ಲಿ ಹಳೇ ರಸ್ತೆಯ ಬದಿ ಕಾರು ನಿಲ್ಲಿಸಿ ಗೊಂಬೆ ಕೊಳ್ಳುತ್ತಿದ್ದ ಹೊತ್ತೂ ಸೇರಿತ್ತು. ಬಾಗಿಲಿಗೆ ಬರುತ್ತಿದ್ದ ಗ್ರಾಹಕರನ್ನು ಈಗ ದೂರದಲ್ಲಿ ಹುಡುಕಬೇಕು.

ಅಡ್ಡಿ ಇರುವುದು ಇಲ್ಲಿಯೇ. ಕರ್ನಾಟಕದೊಳಗೆ ನೇರವಾಗಿ ಸರಕು ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ರೂ. ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಅದೇ ಗೊಂಬೆಯನ್ನು ಚೆನ್ನೈಗೋ ಪುಣೆಗೋ ಕಳಿಸಿದರೆ ಕರಕುಶಲ ವಸ್ತುಗಳಿಗಿರುವ ವಿನಾಯಿತಿಯ ಮಿತಿ 20 ಲಕ್ಷ, ಅರ್ಧಕ್ಕರ್ಧ ಕಡಿಮೆ. 20 ಲಕ್ಷವೆಂದರೆ ತಿಂಗಳಿಗೆ 1,66,667 ರೂ. ವಹಿವಾಟು. ಅದು ಆದಾಯವಲ್ಲ: ಮರ, ಅರಗು, ಕೂಲಿ, ಕರೆಂಟು, ಬಾಡಿಗೆ ಎಲ್ಲವೂ ಅದರಲ್ಲೇ ಕಳೆಯಬೇಕು.

ಸಾಮಾನ್ಯವಾಗಿ 50,000 ರೂ. ಮೀರಿದ ಸರಕಿಗಷ್ಟೇ ಇ-ವೇ ಬಿಲ್, ಅಂದರೆ ಸಾಗಣೆಯ ವಿದ್ಯುನ್ಮಾನ ರಹದಾರಿ, ಬೇಕು. ಈ ವಿನಾಯಿತಿಯಡಿ ಹೊರರಾಜ್ಯಕ್ಕೆ ಹೋಗುವ ಕರಕುಶಲ ವಸ್ತುವಿಗೆ ಮಾತ್ರ ಬೆಲೆ ಎಷ್ಟೇ ಇರಲಿ ಅದು ಕಡ್ಡಾಯ. 500 ರೂಪಾಯಿಯ ಪೊಟ್ಟಣಕ್ಕೂ ರಹದಾರಿ ಕೇಳುವುದು ಸರಿಯಲ್ಲ.

ಆನ್‌ಲೈನ್ ಮಾರಾಟ ತಾಣಗಳಿಗೆ ಬಂದರೆ ಹೊರರಾಜ್ಯದ ಮಿತಿ ಸೊನ್ನೆ. 2023ರ ಅಕ್ಟೋಬರ್ 1ರಿಂದ ನೋಂದಣಿ ಇಲ್ಲದವರೂ ಈ ತಾಣಗಳಲ್ಲಿ ಮಾರಬಹುದು. ಆದರೆ ಒಂದೇ ರಾಜ್ಯದೊಳಗೆ. ಅವರು ಯಾವುದೇ ರೀತಿಯ ಅಂತರರಾಜ್ಯ ಮಾರಾಟ ಮಾಡುವಂತಿಲ್ಲ ಎಂಬ ಷರತ್ತೂ ಇದೆ. ಹಾಗಾಗಿ 20 ಲಕ್ಷದ ವಿನಾಯಿತಿ ಬಳಸಿ ಪುಣೆಯ ಅಂಗಡಿಗೆ ಒಂದು ಪೆಟ್ಟಿಗೆ ಗೊಂಬೆ ಕಳಿಸಿದವರು ಬೆಂಗಳೂರಿನ ಗ್ರಾಹಕರಿಗೆ ಆನ್‌ಲೈನ್‌ನಲ್ಲಿ ಮಾರುವ ವಿನಾಯಿತಿ ಕಳೆದುಕೊಳ್ಳುತ್ತಾರೆ. ನೋಂದಣಿ ಮಾಡಿಸಿದರೆ 100 ರೂಪಾಯಿಯ ಗೊಂಬೆ 105 ಆಗುತ್ತದೆ. ತ್ರೈಮಾಸಿಕ ಪದ್ಧತಿ ಆಯ್ದುಕೊಂಡರೂ ವರ್ಷಕ್ಕೆ ಎಂಟು ರಿಟರ್ನ್ ಸಲ್ಲಿಸಬೇಕು.

ಉತ್ಪಾದನೆಗೆ ಸಾಲದ ನೆರವಿದೆ. ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಗೊಂಬೆ ತಯಾರಿಕೆಯೂ ಒಂದು. ಮೊದಲ ಕಂತಿನ 1 ಲಕ್ಷ ರೂ. ಸಾಲಕ್ಕೆ ಶೇ 5 ಬಡ್ಡಿ, 18 ತಿಂಗಳ ಅವಧಿ: ಸಮಾನ ಕಂತಿನ ಲೆಕ್ಕದಲ್ಲಿ ತಿಂಗಳಿಗೆ ಸುಮಾರು 5,778 ರೂ., ಒಟ್ಟು ಬಡ್ಡಿ ಸುಮಾರು 4,000 ರೂ. ಸರ್ಕಾರ ಭರಿಸುವ ಶೇ 8 ಇಲ್ಲದಿದ್ದರೆ ಬಡ್ಡಿ 10,600 ರೂ. ಆಗುತ್ತಿತ್ತು. ಉಳಿತಾಯ ನಿಜ, ಆದರೆ ಕಂತು ತೀರುವುದು ಗೊಂಬೆ ಮಾರಾಟವಾದಾಗ.

ಅನೇಕ ರಾಜ್ಯಗಳಿಗೆ ಆನ್‌ಲೈನ್‌ನಲ್ಲಿ ಮಾರುವ ಸಣ್ಣ ಪೂರೈಕೆದಾರರಿಗೆ ಸರಳ ನೋಂದಣಿ ವ್ಯವಸ್ಥೆ ತರಲು ಜಿಎಸ್‌ಟಿ ಮಂಡಳಿ 2025ರ ಸೆಪ್ಟೆಂಬರ್ 3ರ ತನ್ನ 56ನೇ ಸಭೆಯಲ್ಲಿ ತಾತ್ವಿಕ ಒಪ್ಪಿಗೆ ಕೊಟ್ಟಿದೆ. ಚನ್ನಪಟ್ಟಣದವರಿಗೆ ಅದಕ್ಕಿಂತ ನೇರವಾದ ಪರಿಹಾರ ಬೇಕು. ಚನ್ನಪಟ್ಟಣದ ಗೊಂಬೆಯಂತೆ ಭೌಗೋಳಿಕ ಸೂಚಕ (ಜಿಐ) ಪಡೆದ ಕರಕುಶಲ ವಸ್ತುಗಳಿಗೆ ರಾಜ್ಯದೊಳಗೆ, ಹೊರರಾಜ್ಯಕ್ಕೆ, ಆನ್‌ಲೈನ್‌ನಲ್ಲಿ, ಮೂರಕ್ಕೂ 40 ಲಕ್ಷದ ಒಂದೇ ಮಿತಿ ಇರಲಿ, 50,000 ರೂ.ಗಿಂತ ಕಡಿಮೆ ಬೆಲೆಯ ಪೊಟ್ಟಣಕ್ಕೆ ರಹದಾರಿ ಬೇಡ. ಮಂಡಳಿಯ ಮುಂದಿನ ಸಭೆಯಲ್ಲಿ ಕರ್ನಾಟಕ ಸರ್ಕಾರ ಈ ಎರಡು ಬೇಡಿಕೆಗಳನ್ನು ಲಿಖಿತವಾಗಿ ಮಂಡಿಸಬೇಕು.