ತಪ್ಪಾದಾಗ ಬಾಯಿಬಿಡದ ಪ್ರೋಗ್ರಾಂ: ಪರ್ಲ್ ಡಿಬಿಐ ಬಳಸುವವರಿಗೆ ಕೆಲವು ಮಾತು

ಪರ್ಲ್ ಅಂದರೆ ಈಗಿನ ಹುಡುಗರು ನಗುತ್ತಾರೆ. ಆದರೆ ಲ್ಯಾರಿ ವಾಲ್ 1987ರಲ್ಲಿ ಹೊರತಂದ ಈ ಭಾಷೆ ಎಷ್ಟೋ ಕಂಪನಿಗಳಲ್ಲಿ ಇವತ್ತಿಗೂ ರಾತ್ರಿ ಪಾಳಿ ಮಾಡುತ್ತಿದೆ. ನನ್ನ ಕೈಗೆ ಬಂದ ಹಳೆಯ ಸ್ಕ್ರಿಪ್ಟೊಂದು ಡ್ರೈವರುಗಳ ಓವರ್‌ಟೈಮ್ ಗಂಟೆಗಳನ್ನು ಡೇಟಾಬೇಸಿಗೆ ಸೇರಿಸಿ, ಕೊನೆಗೆ 'ಯಶಸ್ವಿ' ಎಂದು ಮೇಲ್ ಕಳಿಸುತ್ತಿತ್ತು. ಒಂದು ತಿಂಗಳು ಮೇಲ್ ಬಂತು, ಕೆಲವರ ಗಂಟೆಗಳು ಮಾತ್ರ ಸೇರಲಿಲ್ಲ. ಸಂಬಳ ಕಡಿಮೆ ಬಂದವರು ಬಂದು ಕೇಳುವವರೆಗೆ ಯಾರಿಗೂ ಗೊತ್ತಾಗಲಿಲ್ಲ.

ಕಾರಣ ಸರಳ. ಪರ್ಲ್‌ನಲ್ಲಿ ಡೇಟಾಬೇಸ್ ಜೊತೆ ಮಾತಾಡುವ ಲೈಬ್ರರಿ ಡಿಬಿಐ. ಅದರಲ್ಲಿ 'ರೈಸ್‌ಎರರ್' ಮೊದಲಿಗೆ ಆಫ್ ಇರುತ್ತದೆ, 'ಪ್ರಿಂಟ್‌ಎರರ್' ಆನ್ ಇರುತ್ತದೆ. ಅಂದರೆ ತಪ್ಪಾದರೆ ಒಂದು ಎಚ್ಚರಿಕೆ ಮುದ್ರಿಸಿ ಪ್ರೋಗ್ರಾಂ ಮುಂದೆ ಸಾಗುತ್ತದೆ. ಕ್ರಾನ್‌ನಲ್ಲಿ ಆ ಔಟ್‌ಪುಟ್ಟನ್ನು ಎಸೆದುಬಿಟ್ಟಿದ್ದರೆ ಮುಗಿಯಿತು. 'ಆಟೋಕಮಿಟ್' ಕೂಡ ಆನ್ ಇರುವುದರಿಂದ ಸರಿಯಿದ್ದ ಸಾಲುಗಳು ಒಂದೊಂದಾಗಿ ಉಳಿದು, ಅರ್ಧಂಬರ್ಧ ಲೆಕ್ಕ ಸಿದ್ಧವಾಗುತ್ತದೆ.

ಹೊಸದಾಗಿ ಹಾಕಿಕೊಳ್ಳುವವರು ಸಿಪ್ಯಾನ್‌ನಿಂದ ಮೂರು ಮಾಡ್ಯೂಲ್ ತರಿಸಿಕೊಳ್ಳಿ: ಡಿಬಿಐ, ನಿಮ್ಮ ಡೇಟಾಬೇಸಿನ ಡ್ರೈವರ್, ಮತ್ತು ಟ್ರೈ ಟೈನಿ. ಪೋಸ್ಟ್‌ಗ್ರೆಸ್ ಡ್ರೈವರ್ ಕಂಪೈಲ್ ಆಗಲು ಅದರ ಡೆವಲಪ್‌ಮೆಂಟ್ ಪ್ಯಾಕೇಜ್ ಮೊದಲೇ ಇರಬೇಕು. ಇನ್‌ಸ್ಟಾಲ್ ನಿಲ್ಲುವುದು ಹೆಚ್ಚಾಗಿ ಇಲ್ಲೇ.

ಕನೆಕ್ಟ್ ಮಾಡುವಾಗ ರೈಸ್‌ಎರರ್‌ಗೆ 1, ಪ್ರಿಂಟ್‌ಎರರ್‌ಗೆ 0 ಕೊಡಿ. ಈಗ ತಪ್ಪಾದರೆ ಪ್ರೋಗ್ರಾಂ 'ಡೈ' ಆಗುತ್ತದೆ. ಎಲ್ಲ ಸಾಲುಗಳನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿಟ್ಟು, ಕಮಿಟ್ ಸಮೇತ ಟ್ರೈ ಬ್ಲಾಕಿನೊಳಗೆ ಹಾಕಿ. ಕ್ಯಾಚ್‌ನಲ್ಲಿ ಮೂರು ಕೆಲಸ, ಇದೇ ಕ್ರಮದಲ್ಲಿ: ಮೊದಲು ತಪ್ಪಿನ ಸಂದೇಶವನ್ನು ಬೇರೆ ವೇರಿಯಬಲ್‌ಗೆ ಎತ್ತಿಡಿ, ಆಮೇಲೆ ರೋಲ್‌ಬ್ಯಾಕ್ ಮಾಡಿ, ಅದೂ ಕೈಕೊಡಬಹುದಾದ್ದರಿಂದ ಅದನ್ನು ಇವ್ಯಾಲ್ ಒಳಗಿಡಿ, ಕೊನೆಗೆ ಎತ್ತಿಟ್ಟ ಸಂದೇಶದೊಂದಿಗೆ ಮತ್ತೆ ಡೈ ಮಾಡಿ. ಈ ಕೊನೆಯದನ್ನು ಬಿಟ್ಟರೆ ಪ್ರೋಗ್ರಾಂ ಸೊನ್ನೆ ಕೋಡ್‌ನೊಂದಿಗೆ ಮುಗಿಯುತ್ತದೆ, ಮತ್ತೆ ಅದೇ ಸುಳ್ಳು 'ಯಶಸ್ವಿ'.

ಟ್ರೈ ಟೈನಿಯ ಎರಡು ಗುಣ ನೆನಪಿರಲಿ. ಬ್ಲಾಕಿನ ಕೊನೆಗೆ ಸೆಮಿಕೋಲನ್ ಬೇಕೇ ಬೇಕು. ಒಳಗಿನ ರಿಟರ್ನ್ ಆ ಬ್ಲಾಕಿನಿಂದಷ್ಟೇ ಹೊರಬರುತ್ತದೆ, ಫಂಕ್ಷನ್‌ನಿಂದಲ್ಲ. 2021ರ ಪರ್ಲ್ 5.34ರಲ್ಲಿ ಭಾಷೆಗೇ ಟ್ರೈ-ಕ್ಯಾಚ್ ಪ್ರಾಯೋಗಿಕವಾಗಿ ಬಂತು, 2024ರ 5.40ರಲ್ಲಿ ಸ್ಥಿರವಾಯಿತು. ಅದರಲ್ಲಿ ರಿಟರ್ನ್ ನಾವು ನಿರೀಕ್ಷಿಸುವಂತೆ ಫಂಕ್ಷನ್‌ನಿಂದಲೇ ಹೊರಬರುತ್ತದೆ.

ಇಷ್ಟಾದ ಮೇಲೆ ಟೆಸ್ಟ್ ಡೇಟಾಬೇಸಿನಲ್ಲಿ ಬೇಕಂತಲೇ ಒಂದು ಕೆಟ್ಟ ಸಾಲು ಸೇರಿಸಿ ಓಡಿಸಿ. ಟೇಬಲ್‌ನಲ್ಲಿ ಹೊಸದಾಗಿ ಒಂದು ಸಾಲೂ ಇರಬಾರದು, ಎಕ್ಸಿಟ್ ಕೋಡ್ ಸೊನ್ನೆ ಆಗಿರಬಾರದು, ಲಾಗ್‌ನಲ್ಲಿ ಕಾರಣ ಇರಬೇಕು. ಮೂರೂ ಸರಿಯಿದ್ದರೆ ಮಾತ್ರ ಆ ಸ್ಕ್ರಿಪ್ಟಿಗೆ ಯಾರದಾದರೂ ಸಂಬಳದ ಲೆಕ್ಕ ಒಪ್ಪಿಸಿ.