ಪಾಸ್‌ವರ್ಡ್ ಸರಿ, ಗಡಿಯಾರ ತಪ್ಪು!

ಕಂಪ್ಯೂಟರ್ ಲ್ಯಾಬಿನಲ್ಲಿ ಲಾಗಿನ್ ಆಗದಿದ್ದರೆ ಮೊದಲು ಬೈಸಿಕೊಳ್ಳುವುದು ವಿದ್ಯಾರ್ಥಿಯೇ: "ಪಾಸ್‌ವರ್ಡ್ ಮರೆತುಬಿಟ್ಟೆಯಾ?" ಆದರೆ ಎಷ್ಟೋ ಸಲ ತಪ್ಪು ವಿದ್ಯಾರ್ಥಿಯದ್ದಲ್ಲ. ಹಾಗಾದರೆ ಯಾರದ್ದು? ವಿಜ್ಞಾನದ ರೀತಿಯಲ್ಲೇ ಹುಡುಕೋಣ.

ದೊಡ್ಡ ಲ್ಯಾಬುಗಳಲ್ಲಿ ಎಲ್ಲರ ಹೆಸರು, ಪಾಸ್‌ವರ್ಡ್‌ಗಳ ವಿವರ ಒಂದೇ ಕಂಪ್ಯೂಟರಿನಲ್ಲಿ ಇರುತ್ತದೆ. ಅದೇ ಡೈರೆಕ್ಟರಿ ಸರ್ವರ್. ಶಾಲೆಯ ಹಾಜರಿ ಪುಸ್ತಕ ಇದ್ದ ಹಾಗೆ ಅಂದುಕೊಳ್ಳಿ. ಈ ಪುಸ್ತಕವನ್ನು ಓದಲು ಬಳಸುವ ನಿಯಮಾವಳಿಗೆ ಎಲ್‌ಡಿಎಪಿ ಎಂದು ಹೆಸರು.

ಎಲ್‌ಡಿಎಪಿ ಕೊಡುವ 49ನೇ ಸಂಖ್ಯೆಯ ದೋಷಕ್ಕೆ "ಗುರುತಿನ ವಿವರ ಸರಿಯಿಲ್ಲ" ಎಂದಷ್ಟೇ ಅರ್ಥ. ಹೆಸರು ತಪ್ಪೋ ಪಾಸ್‌ವರ್ಡ್ ತಪ್ಪೋ ಎಂದು ಅದು ಬಿಡಿಸಿ ಹೇಳುವುದಿಲ್ಲ. ಹೇಳಿದರೆ ಕಳ್ಳನಿಗೂ "ಈ ಹೆಸರಿನವರು ಇದ್ದಾರೆ" ಅಂತ ತಿಳಿದುಬಿಡುತ್ತದಲ್ಲ! ಇಲ್ಲಿ ಹೆಸರೆಂದರೆ ಅಂಚೆ ವಿಳಾಸದಂತೆ ಪೂರ್ತಿ ಇರಬೇಕು: ವ್ಯಕ್ತಿ, ವಿಭಾಗ, ಶಾಲೆ. ವಿಭಾಗ ತಪ್ಪಿದರೂ ಅದೇ 49.

ಅನೇಕ ಸರ್ವರ್‌ಗಳಲ್ಲಿ ಗುರುತು ಪರೀಕ್ಷಿಸಲು ಕರ್ಬೆರೋಸ್ ಎಂಬ ಇನ್ನೊಂದು ವ್ಯವಸ್ಥೆಯೂ ಇರುತ್ತದೆ. ಅಮೆರಿಕದ ಎಂಐಟಿಯಲ್ಲಿ 1980ರ ದಶಕದಲ್ಲಿ ಹುಟ್ಟಿದ ಇದಕ್ಕೆ ಗ್ರೀಕ್ ಪುರಾಣದ ಮೂರು ತಲೆಯ ಕಾವಲು ನಾಯಿಯ ಹೆಸರು. ಇಲ್ಲಿ ಪಾಸ್‌ವರ್ಡನ್ನು ತಂತಿಯ ಮೇಲೆ ಕಳಿಸುವುದಿಲ್ಲ. ಅದರಿಂದ ಮಾಡಿದ ಬೀಗದ ಕೈಯಿಂದ ಈಗಿನ ಸಮಯವನ್ನು ಗುಟ್ಟಾಗಿ ಬರೆದು ಕಳಿಸುತ್ತಾರೆ. ಸರ್ವರ್ ಅದನ್ನು ಬಿಡಿಸಿ ತನ್ನ ಗಡಿಯಾರಕ್ಕೆ ಹೋಲಿಸುತ್ತದೆ. ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಒಳಗೆ ಬಿಡುವುದಿಲ್ಲ. ಯಾಕೆ? ಯಾರೋ ಕದ್ದಿಟ್ಟುಕೊಂಡ ಹಳೆಯ ಸಂದೇಶವನ್ನು ನಾಳೆ ಮತ್ತೆ ಕಳಿಸಿದರೆ ನಡೆಯಬಾರದು!

ಗಡಿಯಾರ ಕೆಡುವುದು ಹೇಗೆ? ಮದರ್‌ಬೋರ್ಡಿನಲ್ಲಿ ನಾಣ್ಯದಂಥ 3 ವೋಲ್ಟಿನ ಲಿಥಿಯಂ ಬ್ಯಾಟರಿ ಇರುತ್ತದೆ. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು ಅದೇ. ಅದು ಮುಗಿದರೆ ಕಂಪ್ಯೂಟರ್ ಹಳೆಯ ತಾರೀಕಿಗೆ ಹೋಗಿಬಿಡುತ್ತದೆ. ಇನ್ನೊಂದು ಮೋಸ: ಪರದೆಯಲ್ಲಿ 10 ಗಂಟೆ ಸರಿಯಾಗಿಯೇ ಕಾಣುತ್ತದೆ, ಆದರೆ ಕಾಲವಲಯ ಭಾರತದ ಬದಲು ಗ್ರೀನ್‌ವಿಚ್ ಎಂದಿರುತ್ತದೆ. ಆಗ ಒಳಗಿನ ಲೆಕ್ಕ ಐದೂವರೆ ಗಂಟೆ ಮುಂದೆ!

ಪತ್ತೆ ಹಚ್ಚುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಅದೇ ಹೆಸರು, ಅದೇ ಪಾಸ್‌ವರ್ಡ್, ಬೇರೆ ಕಂಪ್ಯೂಟರ್. ಅಲ್ಲಿ ಲಾಗಿನ್ ಆದರೆ ಪಾಸ್‌ವರ್ಡ್ ಸರಿ. ದೋಷ ಮೊದಲನೆಯ ಕಂಪ್ಯೂಟರಿನಲ್ಲಿದೆ. ಅದರ ತಾರೀಕು, ಸಮಯ, ಕಾಲವಲಯ ನೋಡಿ. ಒಬ್ಬರಿಗೆ ಮಾತ್ರ ಎಲ್ಲ ಕಡೆಯೂ ಆಗದಿದ್ದರೆ ಹೆಸರು, ಪಾಸ್‌ವರ್ಡ್ ನೋಡಿ. ಯಾರಿಗೂ ಆಗದಿದ್ದರೆ ಸರ್ವರ್ ಕಡೆ ತಿರುಗಿ.

ಮಾಡಿ ನೋಡಿ: ನಿಮ್ಮ ಲ್ಯಾಬಿನ ಎಲ್ಲ ಕಂಪ್ಯೂಟರುಗಳ ಸಮಯವನ್ನು ಒಂದೇ ಕ್ಷಣದಲ್ಲಿ ಗೆಳೆಯರೊಂದಿಗೆ ಬರೆದುಕೊಳ್ಳಿ. 5 ನಿಮಿಷ ಮೀರಿದವು ಎಷ್ಟು? ಪಟ್ಟಿ ಮಾಡಿ ನಿಮ್ಮ ಶಿಕ್ಷಕರಿಗೆ ತೋರಿಸಿ.